ಮಾತ್ರೆ ತಂದ ಎಚ್ಚರ

ಖಿನ್ನತೆಯ ಮಾತ್ರೆ ಎಸಿಟಾಲೋಪ್ರಾಮ್ ಶುರುವಾದ ಮೇಲೆ ನನ್ನ ಅಳು ನಿಂತಿತು, ಜೊತೆಗೆ ನಿದ್ದೆಯೂ ಹೋಯಿತು. ರಾತ್ರಿ ಎರಡಕ್ಕೆ ಫ್ಯಾನ್ ನೋಡುತ್ತಾ ಮಲಗಿದ್ದರೆ ನಮ್ಮತ್ತೆ, "ಜಪ ಮಾಡಮ್ಮ, ಯೋಗಿಗಳು ಎದ್ದಿರೋ ಹೊತ್ತಿದು" ಅನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೆ ಔಷಧಿಯಿಂದ ಬಂದ ಎಚ್ಚರವನ್ನು ಸಾಧನೆ ಅನ್ನಲು ನನಗೆ ಮನಸ್ಸೊಪ್ಪದು. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗ ದಕ್ಕದು ಎಂದು ಕೃಷ್ಣನೇ ಗೀತೆಯ 6ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಹಾಗಿದ್ದರೆ ಕೆಟ್ಟ ನಿದ್ದೆಯನ್ನು ಸರಿಪಡಿಸಿಕೊಳ್ಳುವುದೂ ಧರ್ಮದ ಕೆಲಸವೇ, ಮಾತ್ರೆ ನುಂಗುವುದೂ ಅದರಲ್ಲಿ ಸೇರಿತು. ಆ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ತಲೆಸುತ್ತು, ತಳಮಳ ಶುರುವಾಗಬಹುದು. ಡಾಕ್ಟರನ್ನು ಕೇಳಿದೆ. ರಾತ್ರಿಯ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿದರು, ಸಂಜೆಯ ಕಾಫಿ ಬಿಡಿಸಿದರು. ಈಚೆಗೆ ಹಾಲಿನವನು ಬರುವವರೆಗೂ ಒಂದೇ ನಿದ್ದೆ.