ಹಸಿವಿನ ಮುಂದೆ ಸಿದ್ಧಾಂತ

ಧಾನ್ಯದ ಬೆಲೆಯನ್ನು ಮಾರುಕಟ್ಟೆಗೆ ಬಿಡಬೇಕೋ, ಸರಕಾರವು ಅದರಲ್ಲಿ ಕೈಹಾಕಬೇಕೋ? ಅರ್ಥಶಾಸ್ತ್ರಜ್ಞರಲ್ಲಿ ಈ ವಿವಾದವು ಇನ್ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಇದು ಕೇವಲ ಪಂಡಿತರ ವಾದವೆಂದು ಗೃಹಸ್ಥರು ಉಪೇಕ್ಷಿಸತಕ್ಕದ್ದಲ್ಲ. ಇದರ ಫಲವು ಒಲೆಯ ಮೇಲಿನ ಗಡಿಗೆಯವರೆಗೂ ಬರುತ್ತದೆ.

ಮೊದಲನೆಯ ಪಕ್ಷದ ಆಚಾರ್ಯನು ಆಡಮ್ ಸ್ಮಿತ್. 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಧಾನ್ಯದ ವ್ಯಾಪಾರಿಯನ್ನು ಹಡಗಿನ ನಾಯಕನಿಗೆ ಹೋಲಿಸುತ್ತಾನೆ. ಆಹಾರವು ಸಾಲದೆಂದು ಅರಿತ ನಾಯಕನು ಮೊದಲೇ ಪಾಲನ್ನು ತಗ್ಗಿಸುವಂತೆ, ವ್ಯಾಪಾರಿಯು ಬೆಲೆಯೇರಿಸಿ ಜನರಿಗೆ ಮಿತವ್ಯಯವನ್ನು ಕಲಿಸುತ್ತಾನಂತೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಹಡಗಿನಲ್ಲಿ ತಗ್ಗಿದ ಪಾಲಾದರೂ ಎಲ್ಲರಿಗೂ ದೊರೆಯುತ್ತದೆ. ಸಂತೆಯಲ್ಲಿ ಹಣವಿಲ್ಲದವನ ಪಾಲು ಶೂನ್ಯ.

ಐರ್ಲೆಂಡಿನಲ್ಲಿ ಇದು ಪ್ರತ್ಯಕ್ಷವಾಯಿತು. 1845ರಲ್ಲಿ ಬಡವರ ಅನ್ನವಾಗಿದ್ದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ವ್ಯಾಪಾರದಲ್ಲಿ ಕೈಹಾಕಲು ಅಳುಕಿದ ಬ್ರಿಟಿಷ್ ಸರಕಾರವು ಅಲ್ಲಿಂದ ಧಾನ್ಯವು ಹೊರಗೆ ಸಾಗುವುದನ್ನು ತಡೆಯಲಿಲ್ಲ. 1847ರ ಬೇಸಗೆಯಲ್ಲಿ ಗಂಜಿಕೇಂದ್ರಗಳನ್ನು ತೆರೆದು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಬಡಿಸಿತು. ಅದೇ ವರ್ಷ ಅವನ್ನು ಮುಚ್ಚಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 10 ಲಕ್ಷ.

ಹಾಗಾದರೆ ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸೋಣವೆ? ಚೀನಾ ದೇಶವು 1958ರಲ್ಲಿ ಹಾಗೆಯೇ ಮಾಡಿತು. ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಬೆಳೆಯನ್ನು ಲೆಕ್ಕದಲ್ಲಿ ತೋರಿಸಿದರು. ಆ ಸುಳ್ಳು ಲೆಕ್ಕದಂತೆ ಸರಕಾರವು ಹಳ್ಳಿಗಳ ಕಣಜಗಳನ್ನು ಬರಿದುಮಾಡಿತು. ಅಲ್ಲಿ ಮಡಿದವರು, ಕಡಿಮೆಯ ಅಂದಾಜಿನಂತೆಯೂ, ಸುಮಾರು 1.5 ಕೋಟಿ.

ದೋಷವೆಲ್ಲಿ? ಒಂದೆಡೆ ಸಂತೆಯೂ ಇನ್ನೊಂದೆಡೆ ಸರಕಾರವೂ ಸಾಧನವಾಗಿ ಉಳಿಯದೆ ದೈವವಾದುವು. ಹಸಿದವನ ಕೂಗಿಗೆ ಕಿವಿಯಿಲ್ಲವಾಯಿತು. ಸ್ವತಂತ್ರ ಪತ್ರಿಕೆಯೂ ಚುನಾವಣೆಯೂ ಉಳ್ಳ ಪ್ರಜಾಪ್ರಭುತ್ವದಲ್ಲಿ ಮಹಾಕ್ಷಾಮವು ಸಂಭವಿಸಿಲ್ಲವೆಂದು ಅಮರ್ತ್ಯ ಸೇನರು ಹೇಳಿರುವುದು ಈ ಕಾರಣದಿಂದಲೇ. ಧಾನ್ಯವಿದ್ದರೂ ಕೊಳ್ಳುವ ಶಕ್ತಿಯಿಲ್ಲದೆ ಜನರು ಸಾಯುತ್ತಾರೆಂದು ಅವರು 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 1972-73ರ ಬರಗಾಲದಲ್ಲಿ ಸರಕಾರವು ಕಾಮಗಾರಿಗಳನ್ನು ತೆರೆದು ಲಕ್ಷಾಂತರ ಜನರಿಗೆ ಕೂಲಿಯನ್ನಿತ್ತಿತು. ಕೂಲಿ ಪಡೆದವನು ಅಂಗಡಿಯಲ್ಲಿ ಕೊಳ್ಳಬಲ್ಲವನಾದನು. ಕಷ್ಟವು ತಪ್ಪಲಿಲ್ಲ, ಮಹಾಮರಣವು ತಪ್ಪಿತು.

ಆದುದರಿಂದ ಯಾವ ಪಕ್ಷದವನೇ ಬಂದು ವಾದಿಸಲಿ, ಗೃಹಸ್ಥನು ಕೇಳತಕ್ಕ ಪ್ರಶ್ನೆ ಒಂದೇ: ಕೈಯಲ್ಲಿ ಕಾಸಿಲ್ಲದವನಿಗೆ ನಿಮ್ಮ ಮತದಲ್ಲಿ ಅನ್ನವು ಯಾವ ದಾರಿಯಿಂದ ಬರುತ್ತದೆ? ಇದಕ್ಕೆ ಉತ್ತರವುಳ್ಳ ಮತವೇ ಗ್ರಾಹ್ಯ. ಉಳಿದದ್ದು ಶಾಸ್ತ್ರವಾಗಬಹುದು, ಧರ್ಮವಾಗಲಾರದು.