ಕರಪತ್ರದ ಸತ್ಯ

ದೊಡ್ಡ ಊರಿನ ಹೋಟೆಲುಗಳ ಪಡಸಾಲೆಯಲ್ಲಿ, ರೈಲು ನಿಲ್ದಾಣದ ಮೂಲೆಯಲ್ಲಿ ಬಣ್ಣಬಣ್ಣದ ಮಡಿಕೆಯ ಕಾಗದಗಳನ್ನು ಜೋಡಿಸಿಟ್ಟಿರುವದನ್ನು ಓದುಗರು ಕಂಡೇ ಇರುತ್ತಾರೆ. ಹಂಪೆಯ ಕಲ್ಲಿನ ರಥ, ಜೋಗದ ನೀರು, ಮೈಸೂರಿನ ದೀಪ. ಬಿಟ್ಟಿ ಸಿಗುವ ಕಾಗದವಾದ್ದರಿಂದ ನಾವು ಎರಡನ್ನು ಎತ್ತಿಕೊಳ್ಳುತ್ತೇವೆ. ಒಂದನ್ನು ಓದುತ್ತೇವೆ, ಇನ್ನೊಂದನ್ನು ಮಗು ಹರಿಯುತ್ತದೆ. ಈಗ ಅದೇ ಚಿತ್ರ, ಅದೇ ಮಾತು ಕೈಯೊಳಗಿನ ಫೋನಿನಲ್ಲಿಯೂ ಬರುತ್ತವೆ. ಇಷ್ಟು ಹಗುರಾದ ವಸ್ತುವಿನ ಬಗೆಗೆ ಧರ್ಮಾಧರ್ಮದ ಜಿಜ್ಞಾಸೆ ಏತಕ್ಕೆಂದು ಯಾರಾದರೂ ಕೇಳಬಹುದು. ಆದರೆ ಪ್ರವಾಸದ ಕರಪತ್ರವೆಂದರೆ ಒಂದು ಕರೆಯೋಲೆ. ಕರೆಯುವದು ನಮ್ಮಲ್ಲಿ ಎಂದೂ ಹಗುರಾದ ಕೆಲಸವಾಗಿರಲಿಲ್ಲ. ಮದುವೆಗೆ ಕರೆಯಲು ಹೋದವನು ಅರಿಷಿಣ ಕುಂಕುಮ ಹಚ್ಚಿದ ಕಾಗದವನ್ನು ಕೈಗೆ ಕೊಟ್ಟು, ‘ಮಂದಿಮಕ್ಕಳೆಲ್ಲ ಕೂಡಿ ಬರ್ರಿ’ ಎಂದು ಬಾಯಿಬಿಟ್ಟು ಹೇಳಬೇಕು. ಬಂದವರ ಕೈಗೆ ನೀರು ಕೊಡುವವನೂ ಅವನೇ.

ಕರಪತ್ರದಲ್ಲಿ ಈ ಎರಡು ಕೆಲಸಗಳೂ ಬೇರೆಯಾಗಿವೆ. ಕರೆಯುವವರು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕುಳಿತ ಇಲಾಖೆಯವರು. ಉಪಚರಿಸಬೇಕಾದವರು ಗುಡಿಯ ಪೂಜಾರಿ, ಚಹದ ಅಂಗಡಿಯ ಹೆಣ್ಣುಮಗಳು, ದಾರಿ ತೋರಿಸುವ ಶಾಲೆಯ ಹುಡುಗ. ಕರೆದವನು ಬಾಗಿಲಲ್ಲಿ ಇರುವದಿಲ್ಲ. ಯಾರು ಬಂದರೆಂಬದೂ ಅವನಿಗೆ ತಿಳಿಯುವದಿಲ್ಲ. ಜರ್ಮನಿಯ ಬೇಡೆಕರ್ ಪ್ರವಾಸ ಪುಸ್ತಕಗಳಲ್ಲಿ ನೋಡತಕ್ಕ ಸ್ಥಳಗಳಿಗೆ ನಕ್ಷತ್ರದ ಗುರುತು ಹಾಕುತ್ತಿದ್ದರು. 1942ರಲ್ಲಿ ಅದೇ ದೇಶದ ವಿಮಾನಗಳು ಇಂಗ್ಲೆಂಡಿನ ಎಕ್ಸೆಟರ್, ಬಾಥ್, ಯಾರ್ಕ್‌ನಂಥ ಹಳೆಯ ಚೆಲುವಿನ ಊರುಗಳ ಮೇಲೆ ಬಾಂಬು ಸುರಿದಾಗ, ಆ ದಾಳಿಗಳಿಗೆ ಬೇಡೆಕರ್ ಹೆಸರೇ ಬಿದ್ದಿತು. ನಕ್ಷತ್ರ ಹಾಕಿದವನ ಮನಸ್ಸಿನಲ್ಲಿ ಇದ್ದದ್ದು ಈ ಅತಿಥಿಗಳಲ್ಲ.

ಅದು ಅತಿರೇಕದ ಮಾತಾಯಿತು. ನಮ್ಮ ಕರಪತ್ರಗಳ ದೋಷ ಬೇರೆ ಬಗೆಯದು. ಅವುಗಳಲ್ಲಿ ಇಲ್ಲದ್ದನ್ನು ಹೇಳುವದು ಕಡಿಮೆ. ಇದ್ದುದನ್ನು ಬಿಡುವದೇ ಬಹಳ. ಹಾಗೆಂದು ಒಂದು ಹಾಳೆಯಲ್ಲಿ ಎಲ್ಲವನ್ನೂ ಹಿಡಿಸಲಿಕ್ಕೂ ಆಗುವದಿಲ್ಲ. ಏನನ್ನು ಬಿಟ್ಟರೆ ಅದು ಕೇವಲ ಸಂಕ್ಷೇಪ, ಏನನ್ನು ಬಿಟ್ಟರೆ ಅದು ಅಸತ್ಯ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ನೆಲ. ಕಬ್ಬು, ತಂಬಾಕು ಬೆಳೆಯುವ ನಾಡು. ಹಂಪೆ ಬಾದಾಮಿಗಳ ಸಾಲಿನಲ್ಲಿ ಇದರ ಕಾಗದ ಕಾಣುವದು ಅಪರೂಪ. ಆದರೆ ನೋಡತಕ್ಕದ್ದಕ್ಕೆ ಇಲ್ಲಿ ಬರವಿಲ್ಲ: ಕಾಗವಾಡದ ಬಸದಿ, ನಿಪ್ಪಾಣಿಯ ಹತ್ತಿರದ ಸ್ತವನಿಧಿ, ಅಥಣಿಯ ಗಚ್ಚಿನ ಮಠ, ಯಡೂರಿನ ವೀರಭದ್ರ. ಯಡೂರಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು.

ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ಖಿದ್ರಾಪುರವಿದೆ. ಅಲ್ಲಿಯ ಕೋಪೇಶ್ವರ ಗುಡಿ 12ನೆಯ ಶತಮಾನದ್ದು, ಶಿಲಾಹಾರರ ಕಾಲದ್ದು. ಮುಂಭಾಗದಲ್ಲಿ 48 ಕಂಬಗಳ ಸ್ವರ್ಗಮಂಟಪ. ಅದರ ಮಾಡಿನ ನಡುವೆ ದುಂಡಗೆ ತೆರವು ಬಿಟ್ಟಿದ್ದಾರೆ, ಅಲ್ಲಿ ಆಕಾಶವೇ ಛಾವಣಿ. ಗೋಡೆಯ ಬುಡಕ್ಕೆ ಆನೆಗಳ ಸಾಲು. ಗುಡಿಯಲ್ಲಿ ಹಳಗನ್ನಡದ ಶಾಸನಗಳಿವೆ. ದೇವಗಿರಿಯ ಯಾದವ ಸಿಂಘಣನ ಸಂಸ್ಕೃತ ಶಾಸನವೂ ಇದೆ. ಇಷ್ಟೆಲ್ಲ ಇರುವ ಶಿವಾಲಯದಲ್ಲಿ ನಂದಿ ಮಾತ್ರ ಇಲ್ಲ. ಲೋಕರೂಢಿಯ ಕಥೆ ಹೀಗಿದೆ: ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳು, ಅಲ್ಲಿ ಅವಳು ದೇಹ ಬಿಟ್ಟದ್ದು ತಿಳಿದು ಶಿವ ಕೆರಳಿದ, ಆ ಕೆರಳಿದ ಶಿವನೇ ಕೋಪೇಶ್ವರ. ಅವನನ್ನು ಶಾಂತಗೊಳಿಸಿದ ಧೋಪೇಶ್ವರನೂ ಮಗ್ಗುಲಲ್ಲಿಯೇ ಇದ್ದಾನೆ. ಹೋದ ನಂದಿ ಇರುವದು ಗಡಿಯೀಚೆ, ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ. ದಕ್ಷನ ಯಜ್ಞವನ್ನು ಧ್ವಂಸಮಾಡಿದ ವೀರಭದ್ರನ ಗುಡಿಯೂ ಅದೇ ಯಡೂರಿನಲ್ಲಿದೆ. ಕಥೆ ಒಂದು, ಹೊಳೆ ಒಂದು, ರಾಜ್ಯ ಎರಡು.

ಈಗ ಮಹಾರಾಷ್ಟ್ರದ ಹಾಳೆ ಖಿದ್ರಾಪುರದ ಎಲ್ಲೆಗೆ ನಿಂತಿತೆನ್ನೋಣ. ಕರ್ನಾಟಕದ ಹಾಳೆ ಯಡೂರಿನ ಎಲ್ಲೆಗೆ ನಿಂತಿತೆನ್ನೋಣ. ಎರಡರಲ್ಲಿಯೂ ಒಂದಕ್ಷರ ಸುಳ್ಳಿರುವದಿಲ್ಲ. ಆದರೂ ಇದು ಸಂಕ್ಷೇಪವಲ್ಲ, ಅಸತ್ಯ ಎಂದೇ ನನ್ನ ಅಭಿಪ್ರಾಯ. ನಂದಿ ಇಲ್ಲದ ಗುಡಿಯ ಮುಂದೆ ನಿಂತ ಯಾತ್ರಿಕನು ಸುಮ್ಮನಿರುವದಿಲ್ಲ. ತನಗೆ ತೋಚಿದ ಕಾರಣವನ್ನು ಹುಡುಕಿಕೊಳ್ಳುತ್ತಾನೆ. ಯಾರೋ ಪರಧರ್ಮದವರು ಒಡೆದು ಒಯ್ದಿರಬೇಕೆಂದು ತಿಳಿದು, ಇಲ್ಲದ ವೈರವೊಂದನ್ನು ಬುತ್ತಿ ಕಟ್ಟಿಕೊಂಡು ಊರಿಗೆ ಮರಳಬಹುದು. ಆ ಹಾಳೆ ಅವನಿಗೆ ಅಂಥ ಮಾತು ಹೇಳಿಲ್ಲ, ನಿಜ. ಹೇಳಬೇಕಾದ ಒಂದು ಸಾಲನ್ನು ಹೇಳದೆ ಆ ಜಾಗವನ್ನು ತೆರವು ಇಟ್ಟಿದೆ.

ಇಲಾಖೆಗಳಿಗೆ ಗಡಿ ದಾಟುವ ಅಧಿಕಾರವಿಲ್ಲವೆಂದು ಹೇಳುವವರುಂಟು. ಆದರೆ ಚಪ್ಪಲಿ ದಾಟಿದೆಯಲ್ಲ! ಅಥಣಿ, ನಿಪ್ಪಾಣಿಗಳ ಕುಶಲಿಗರು ತಲೆತಲಾಂತರದಿಂದ ಹೊಲಿಯುವ ಚಪ್ಪಲಿ ಪೇಟೆಯಲ್ಲಿ ಕೊಲ್ಹಾಪುರದ ಹೆಸರಿನಿಂದ ನಡೆಯುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಾಗ, ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಬಂದಿತು. ನಿಜವಾದ ಅಡ್ಡಿ ಅಧಿಕಾರದ್ದಲ್ಲ, ಅಂಜಿಕೆಯದು. 1967ರಲ್ಲಿ ಮಹಾಜನ ಆಯೋಗವು ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವ್ಯಾಜ್ಯದ ನೆಲದಲ್ಲಿ ಆಚೆಯ ಗುಡಿಯ ಹೆಸರು ಬರೆದರೆ ಹಕ್ಕು ಸಾಧಿಸಿದಂತೆ ಕಂಡೀತು, ಇಲ್ಲವೆ ಬಿಟ್ಟುಕೊಟ್ಟಂತೆ ಕಂಡೀತು. ಆದ್ದರಿಂದ ಬರೆಯದಿರುವದೇ ಕ್ಷೇಮ. ಈ ಕ್ಷೇಮದ ಬೆಲೆಯನ್ನು ತೆರುವವನು ಮಾತ್ರ ಹಾದಿಹೋಕ.

ನಿಪ್ಪಾಣಿಯ ವಿಷಯದಲ್ಲಿ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಸ್ತವನಿಧಿಗೆ ಹೋಗುವವರಿಗೆ ಪುಣೆ-ಬೆಂಗಳೂರು ಹೆದ್ದಾರಿಯನ್ನು ಹೇಳದೆ ಗತಿಯಿಲ್ಲ. 1981ರಲ್ಲಿ ಅದೇ ಹೆದ್ದಾರಿಯಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆ ಕೇಳಿ ಕುಳಿತಿದ್ದರು. ಆ ಏಪ್ರಿಲ್ ತಿಂಗಳಲ್ಲಿ ಗೋಳೀಬಾರಾಗಿ ರೈತರು ಸತ್ತರು. ಬಂದ ಅತಿಥಿಗೆ ಮನೆಯ ಸಾವುನೋವನ್ನು ಹೊಸ್ತಿಲಲ್ಲಿಯೇ ಹೇಳುವದು ನಮ್ಮ ರೀತಿಯಲ್ಲ. ಹಾಗೆ ಬಿಟ್ಟರೆ ಸ್ತವನಿಧಿಯ ಬಸದಿ ಅಪೂರ್ಣವಾಗುವದಿಲ್ಲ. ಆದರೆ ‘ತಂಬಾಕು ವ್ಯಾಪಾರದಿಂದ ಸಿರಿವಂತವಾದ ಪಟ್ಟಣ’ ಎಂದು ಯಾರಾದರೂ ಬರೆದರೋ, ಆಗ ಅದರ ಮುಂದಿನ ಸಾಲಿನಲ್ಲಿ ಆ ರೈತರು ಬರಲೇಬೇಕು. ಸಿರಿಯನ್ನು ಹೊಗಳುವ ಬಾಯಿಗೆ ಅದನ್ನು ಬೆಳೆದವರ ವಿಷಯದಲ್ಲಿ ಮೌನದ ಹಕ್ಕಿಲ್ಲ.

ಇನ್ನು ‘ಆಕರ್ಷಣೆ’ ಎಂಬ ಮಾತು. ದೂಧಗಂಗೆ ವೇದಗಂಗೆಗಳು ಕೂಡುವಲ್ಲಿ ಭೋಜ ಎಂಬ ಊರಿದೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಜೀವ ತಂದ ಆಚಾರ್ಯ ಶಾಂತಿಸಾಗರರು ಆ ಊರಿನವರು; 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಮೈಮೇಲಿನ ಅರಿವೆಯನ್ನೂ ತನ್ನದೆನ್ನದವರ ಊರು ‘ಪ್ರವಾಸೀ ಆಕರ್ಷಣೆ’ಯಾಗುವದು ಹೇಗೆ? ಜನ ಹೋಗಬಾರದೆಂದಲ್ಲ. ನಮ್ಮಲ್ಲಿ ‘ನೋಡಲು ಹೋಗುವದು’ ಬೇರೆ, ‘ದರ್ಶನಕ್ಕೆ ಹೋಗುವದು’ ಬೇರೆ. ದರ್ಶನಕ್ಕೆ ಹೋದವನು ತಾನೂ ಆ ಕಣ್ಣಿಗೆ ಬೀಳುತ್ತೇನೆಂದು ತಿಳಿದು ತುಸು ಬಾಗಿ ನಿಲ್ಲುತ್ತಾನೆ. ಈ ಭೇದವನ್ನು ಅಳಿಸದ ಹಾಗೆ ಕರೆಯಲು ಬರುತ್ತದೆಯೆ ಎಂಬದಷ್ಟೇ ಪ್ರಶ್ನೆ.

ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನಿಗೆ ಈ ತೊಡಕಿಲ್ಲ. ಮಾಘದ ಹುಣ್ಣಿಮೆಯ ಜಾತ್ರೆಗೆ ಗಡಿಯ ಎರಡೂ ಕಡೆಯಿಂದ ಲಕ್ಷಗಟ್ಟಲೆ ಮಂದಿ ಬರುತ್ತಾರೆ, ಎತ್ತಿನ ಗಾಡಿ ಕಟ್ಟಿಕೊಂಡೂ ಬರುತ್ತಾರೆ. ಭಂಡಾರದಿಂದ ಊರೇ ಹಳದಿಯಾಗುತ್ತದೆ. ಅವರನ್ನು ಯಾವ ಹಾಳೆಯೂ ಕರೆದದ್ದಲ್ಲ. ಯಾವಾಗ ಬರಬೇಕು, ಎಲ್ಲಿ ಇಳಿಯಬೇಕು, ನೀರು ಎಲ್ಲಿದೆ ಎಂಬದನ್ನೆಲ್ಲ ಅಜ್ಜಿ ಮೊಮ್ಮಗಳಿಗೆ ಹೇಳಿಕೊಟ್ಟಿದ್ದಾಳೆ. ಹಾಗೆ ಹೇಳಲು ಅಜ್ಜಿ ಇಲ್ಲದವನಿಗಾಗಿ ಕರಪತ್ರ. ಅಂದ ಮೇಲೆ ಅಜ್ಜಿ ಹೇಳುವದನ್ನೆಲ್ಲ ಅದು ಹೇಳಬೇಕು. ಅಜ್ಜಿ ಮೊದಲು ಹೇಳುವ ಮಾತು ಯಾವದು? ಹೊಳೆ ಬಂದಾಗ ಹೋಗಬೇಡ. ಕಲ್ಲೋಳ-ಯಡೂರ ಸೇತುವೆ ಮಳೆಗಾಲದಲ್ಲಿ ಮುಳುಗಿತೆಂಬ ಸುದ್ದಿ ಹೆಚ್ಚುಕಡಿಮೆ ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಈ ಸೀಮೆಯ ಎಷ್ಟೋ ಊರುಗಳನ್ನೇ ನೀರಿನೊಳಗೆ ನಿಲ್ಲಿಸಿದಳು. ಚಿತ್ರ ತೆಗೆಯುವವರು ಮಾತ್ರ ಚಳಿಗಾಲದಲ್ಲಿ, ನೀರು ತಿಳಿಯಾದ ಮೇಲೆ ಬರುತ್ತಾರೆ.

ಐದು ತಾಲೂಕುಗಳಿಗೆ ಸೇರಿ ಒಂದು ಹಾಳೆ, ಕನ್ನಡ ಮರಾಠಿ ಎರಡರಲ್ಲಿಯೂ. ಅದನ್ನು ಬರೆಯುವವರು ಆ ಊರುಗಳ ಶಾಲಾ ಮಾಸ್ತರರು, ಪೂಜಾರಿಗಳು. ಅಷ್ಟಾದರೆ ಸಾಕು. ‘ಮಳೆಗಾಲದಲ್ಲಿ ಬರಬೇಡಿರಿ’ ಎಂದು ಅಚ್ಚು ಹಾಕಿದರೆ ಮಂದಿ ಕಡಿಮೆಯಾದೀತೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ನಾಲ್ಕು ಮಂದಿ ಕಡಿಮೆಯಾದಾರು. ಬಂದವರು ಖಿದ್ರಾಪುರದಲ್ಲಿ ‘ನಂದಿಯನ್ನು ಯಾರು ಒಯ್ದರು’ ಎಂದು ಕೇಳುವದನ್ನು ಬಿಟ್ಟು, ‘ಯಡೂರಿಗೆ ಬಸ್ಸು ಎಷ್ಟಕ್ಕೆ’ ಎಂದು ಕೇಳಿಯಾರು.