ದೇವದೂತರ ಪಾಲು

ಪುರಾಣಶ್ರವಣದ ಸಂದರ್ಭವೊಂದನ್ನುಳಿದು ಸುರೆಯೆಂಬ ಶಬ್ದವನ್ನು ಯಾರೂ ಉಚ್ಚರಿಸದ ಮನೆಯಲ್ಲಿ ಬೆಳೆದ ನಾನು, ಎಪ್ಪತ್ತರ ಹೊಸ್ತಿಲನ್ನು ದಾಟಿದ ಮೇಲೆ, ಮಡದಿಯೊಡನೆಯೂ ಮಗಳು ಅಳಿಯಂದಿರೊಡನೆಯೂ ಹನ್ನೊಂದು ವರ್ಷದ ಮೊಮ್ಮಗನೊಡನೆಯೂ ಒಂದಿಡೀ ದಿವಸವನ್ನು ವಿಸ್ಕಿಯ ಭಟ್ಟಿಯೊಂದನ್ನು ನೋಡುವುದರಲ್ಲಿ ಕಳೆದೆನೆಂದರೆ ನಮ್ಮೂರಿನ ಹಿರಿಯರು ನಂಬಲಾರರು, ನಂಬಿದರೆ ಕ್ಷಮಿಸಲಾರರು. ಮಗಳ ಸಂಸಾರ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಸ್ಪೇ ನದಿಯ ಸೀಮೆಯಲ್ಲಿ ಡಫ್‌ಟೌನ್ ಎಂಬ ಪುಟ್ಟ ಊರು ಸಿಗುತ್ತದೆ. "ದೇವಸ್ಥಾನ ತೋರಿಸ್ತೀನಿ ಅಂತ ಕರೆಸಿಕೊಂಡು ಹೆಂಡದ ಭಟ್ಟಿ ತೋರಿಸ್ತೀಯೇನೇ?" ಎಂದು ಗದರಿದ ನನ್ನ ಮಡದಿಗೆ, "ಮೊದಲು ದೇವಸ್ಥಾನಾನೇ ಅಮ್ಮ, ಆಮೇಲೆ ಭಟ್ಟಿ" ಎಂದು ಮಗಳು ಸಮಾಧಾನ ಹೇಳಿದಳು. ಅವಳ ಮಾತು ಸುಳ್ಳಾಗಲಿಲ್ಲ. ಆ ಊರಿನ ತಗ್ಗಿನಲ್ಲಿರುವ ಮೋರ್ಟ್‌ಲಾಕ್ ಇಗರ್ಜಿಯನ್ನು, 566ರಲ್ಲಿ ಸಂತ ಮೊಲುವಾಗ್ ಸ್ಥಾಪಿಸಿದನೆಂಬುದು ಅಲ್ಲಿನವರ ಪರಂಪರಾಗತವಾದ ನಂಬಿಕೆ. ಗೋರಿಕಲ್ಲುಗಳ ನಡುವೆ ನಿಂತು ಮಡದಿ ಕೈಮುಗಿದಳು. ಯಾರಿಗೆಂದು ನಾನು ಕೇಳಲಿಲ್ಲ.

ಇಗರ್ಜಿಗೂ ಭಟ್ಟಿಗೂ ಇರುವ ದೂರ ಆ ದೇಶದಲ್ಲಿ ನಾವೆಣಿಸುವಷ್ಟಿಲ್ಲ. 1494ರ ರಾಜಕೋಶದ ಲೆಕ್ಕದಲ್ಲಿ, ಜೀವಜಲವನ್ನು ತಯಾರಿಸುವುದಕ್ಕಾಗಿ ಜಾನ್ ಕಾರ್ ಎಂಬ ಸಂನ್ಯಾಸಿಗೆ ಎಂಟು ಬೋಲ್ ಅಳತೆಯ ಮಾಲ್ಟನ್ನು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಕೊಡಲಾಯಿತೆಂಬ ಉಲ್ಲೇಖವಿದೆ. ಸ್ಕಾಟ್ಲೆಂಡಿನ ಭಟ್ಟಿಯ ಇತಿಹಾಸ ಬರೆಯುವವರೆಲ್ಲರೂ ಆ ಒಂದು ಸಾಲಿನಿಂದಲೇ ಆರಂಭಿಸುತ್ತಾರೆ. ಲ್ಯಾಟಿನ್ನಿನ ಆಕ್ವಾ ವೀಟೆ ಎಂಬ ಆ ಜೀವಜಲವನ್ನೇ ಗೇಲಿಕ್ ನುಡಿಯವರು ಉಶ್ಗೆ ಬಾಹ ಎಂದರು. ಅದರ ಪೂರ್ವಪದವೇ ಸವೆದು ವಿಸ್ಕಿಯಾಯಿತು. ಜೀವವೆಂಬ ಉತ್ತರಪದ ಬಿದ್ದುಹೋಗಿ ನೀರೊಂದೇ ಉಳಿದುದು ಭಾಷೆಯ ವಿನೋದವೋ ವಿವೇಕವೋ ನಾನರಿಯೆನು.

ನಾವು ನೋಡಿದುದು ಗ್ಲೆನ್‌ಫಿಡಿಕ್ ಭಟ್ಟಿ. ವಿಲಿಯಂ ಗ್ರಾಂಟ್ ಎಂಬಾತನು ತನ್ನ ಒಂಬತ್ತು ಮಕ್ಕಳ ನೆರವಿನಿಂದ ಇದನ್ನು ಕಟ್ಟಿ, 1887ರ ಕ್ರಿಸ್ಮಸ್ ಹಬ್ಬದ ದಿನ ಮೊದಲ ಮದ್ಯವನ್ನಿಳಿಸಿದನು. ಇಂದಿಗೂ ಅದು ಆ ಮನೆತನದವರ ಸ್ವತ್ತು. ಬಾರ್ಲಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ, ಮೊಳಕೆ ಮುಂದುವರಿಯದಂತೆ ಒಣಗಿಸಿ, ನುಚ್ಚಾಗಿ ಒಡೆದು, ಬಿಸಿನೀರಿನಲ್ಲಿ ಅದರ ಸಿಹಿಯನ್ನೆಲ್ಲ ಇಳಿಸಿಕೊಂಡು, ಮರದ ಭಾರಿ ತೊಟ್ಟಿಗಳಲ್ಲಿ ಹುದುಗೆಬ್ಬಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಕಾಯಿಸಿ ಆವಿಯನ್ನು ತಣಿಸುವ ಕ್ರಮವನ್ನು, ನಮಗೆ ಭಟ್ಟಿಯನ್ನು ತೋರಿಸಿದ ತರುಣಿ ಬಹು ಚೆನ್ನಾಗಿ ವಿವರಿಸಿದಳು. ಇಳಿದುಬರುವ ಧಾರೆಯಲ್ಲಿ ಮೊದಲ ಭಾಗವನ್ನೂ ಕಡೆಯ ಭಾಗವನ್ನೂ ಬೇರ್ಪಡಿಸಿ, ನಡುವಣ ಭಾಗವನ್ನು ಮಾತ್ರ ಪೀಪಾಯಿಗಿಳಿಸುತ್ತಾರೆ. ಹುದುಗಿನ ವಾಸನೆ ನನ್ನ ಮಡದಿಗೆ ದೋಸೆಹಿಟ್ಟನ್ನು ನೆನಪಿಗೆ ತಂದಿತು. ಅದನ್ನು ಬಾಯಿಬಿಟ್ಟು ಹೇಳಿದುದಕ್ಕೆ ಅವಳೇ ಆಮೇಲೆ ನಾಚಿಕೊಂಡಳು.

ಆದರೆ ಅಂದಿನಿಂದ ನನ್ನನ್ನು ಬಿಡದೆ ಹಿಂಬಾಲಿಸಿದುದು ಇದಾವುದೂ ಅಲ್ಲ, ಉಗ್ರಾಣದ ಕತ್ತಲೆ. ತಗ್ಗಾದ ಸೂರಿನ ಕೆಳಗೆ ಓಕ್ ಮರದ ಪೀಪಾಯಿಗಳು ಸಾಲುಸಾಲಾಗಿ ಮಲಗಿದ್ದುವು. ಹಣ್ಣು, ಹಸಿಮಣ್ಣು, ಹಳೆಯ ಮರ ಇವು ಮೂರೂ ಬೆರೆತ ಪರಿಮಳ ಗಾಳಿಯಲ್ಲಿ ತುಂಬಿದ್ದಿತು. ಕಾನೂನಿನ ಪ್ರಕಾರ ಮೂರು ವರ್ಷವಾದರೂ ಓಕ್ ಪೀಪಾಯಿಯಲ್ಲಿ ಆ ದೇಶದಲ್ಲಿಯೇ ಇರದಿದ್ದರೆ ಅದಕ್ಕೆ ಸ್ಕಾಚ್ ವಿಸ್ಕಿ ಎಂಬ ಹೆಸರಿಲ್ಲ. ಇಲ್ಲಿಯವು ಹನ್ನೆರಡು, ಹದಿನೆಂಟು ವರ್ಷ ಮಲಗುತ್ತವೆ. ಮಲಗಿರುವಷ್ಟು ಕಾಲವೂ ಮರದ ಸೂಕ್ಷ್ಮರಂಧ್ರಗಳ ಮೂಲಕ ವರ್ಷಕ್ಕೆ ಶೇಕಡ ಎರಡರಷ್ಟು ಆವಿಯಾಗಿ ಹೋಗುತ್ತದೆ. ಹೀಗೆ ಹೋದುದನ್ನು ಆ ಜನ ನಷ್ಟವೆನ್ನುವುದಿಲ್ಲ, ದೇವದೂತರ ಪಾಲು ಎನ್ನುತ್ತಾರೆ. ಮೊಮ್ಮಗ ಬೆರಳು ಮಡಿಸಿ ಎಣಿಸಿ, "ಹನ್ನೆರಡು ವರ್ಷಕ್ಕೆ ಐದರಲ್ಲೊಂದು ಪಾಲು ಹೋಯ್ತು ತಾತ" ಎಂದನು. ನಾನು ಕಾಗದದ ಮೇಲೆ ಮಾಡಿ ನೋಡಿದೆನು. ಹುಡುಗನ ಲೆಕ್ಕ ಸರಿಯಾಗಿದ್ದಿತು.

ವಿನೋದದ ಮಾತೆಂದು ನಕ್ಕು ಮುಂದೆ ಸರಿಯಬಹುದಾಗಿದ್ದಿತು. ಆದರೆ ಒಂದು ಕಾಲದಲ್ಲಿ ಗುರುಗಳ ಬಳಿ ಅಷ್ಟಿಷ್ಟು ಮೀಮಾಂಸೆಯನ್ನು ಕೇಳಿದ್ದ ನನಗೆ ಆ ಹೆಸರು ತೊಡಕಾಗಿ ಕಂಡಿತು. ಯಾಗವೆಂದರೇನೆಂಬ ಪ್ರಶ್ನೆಗೆ ಮೀಮಾಂಸಕರ ಉತ್ತರ ಬಹು ಸಂಕ್ಷಿಪ್ತವಾದುದು: ಒಂದು ದ್ರವ್ಯ, ಒಂದು ದೇವತೆ, ಆ ದೇವತೆಯನ್ನುದ್ದೇಶಿಸಿ ದ್ರವ್ಯದ ತ್ಯಾಗ. ದೇವತೆ ಬಂದು ಭುಜಿಸುತ್ತದೆಯೇ ಎಂದು ಕೇಳಿದರೆ, ಶಬರಸ್ವಾಮಿಯು ಮೀಮಾಂಸಾಸೂತ್ರಗಳ ಮೇಲಿನ ತನ್ನ ಭಾಷ್ಯದಲ್ಲಿ ಎಳ್ಳಷ್ಟೂ ಸಂಕೋಚವಿಲ್ಲದೆ ಇಲ್ಲವೆನ್ನುತ್ತಾನೆ: ದೇವತೆಗೆ ಶರೀರವಿಲ್ಲ, ಅದು ಉಣ್ಣುವುದಿಲ್ಲ, ಹವಿಸ್ಸನ್ನು ಕೊಡುವಾಗ ಚತುರ್ಥೀವಿಭಕ್ತಿಯಲ್ಲಿ ನಿಲ್ಲುವ ಹೆಸರಿನಿಂದಲೇ ಕರ್ಮ ಪೂರ್ಣವಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಡಫ್‌ಟೌನಿನ ಉಗ್ರಾಣದಲ್ಲಿ ದ್ರವ್ಯವಿದೆ, ಹೆಸರಿನ ರೂಪದಲ್ಲಿ ದೇವತೆಯೂ ಇದೆ. ಉಳಿದ ಪ್ರಶ್ನೆ ತ್ಯಾಗವಿದೆಯೇ ಎಂಬುದೊಂದೇ.

ಇಲ್ಲವೆನ್ನುವುದು ಸುಲಭ. ಬೀಸುವಾಗ ಗಾಳಿಗೆ ಹಾರಿದ ಹಿಟ್ಟನ್ನು ಕೃಷ್ಣಾರ್ಪಣವೆಂದು ಹೇಳಿ ಪುಣ್ಯ ಕಟ್ಟಿಕೊಳ್ಳಲೆಳಸುವವರನ್ನು ನಮ್ಮಲ್ಲಿ ಎಲ್ಲರೂ ಪರಿಹಾಸ ಮಾಡುತ್ತಾರೆ. ಕೈಮೀರಿ ಹೋದುದಕ್ಕೆ ಆಮೇಲೆ ದಾನವೆಂದು ಹೆಸರಿಡುವುದು ಅಭಾವವನ್ನು ವೈರಾಗ್ಯವೆಂದು ಕರೆದಂತೆ. ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಕಡೆ, ಸಮುದ್ರಮಥನದ ಅಮೃತದ ಹೆಸರನ್ನೇ ಹೊತ್ತ ಭಟ್ಟಿಯೊಂದಿದೆ. ನಮ್ಮ ಬಿಸಿಲಿಗೆ ಅಲ್ಲಿಯ ಪೀಪಾಯಿಗಳಿಂದ ವರ್ಷಕ್ಕೆ ಶೇಕಡ 10ರಿಂದ 12ರಷ್ಟು ಹಾರಿಹೋಗುವುದೆಂದೂ, ಆದಕಾರಣ ಎಂಟು ವರ್ಷ ಇಟ್ಟ ತಮ್ಮ ವಿಸ್ಕಿಗೆ ಅವರು ಅತಿಯಾಸೆಯ ದೇವದೂತರು ಎಂಬರ್ಥದ ಇಂಗ್ಲಿಷ್ ಹೆಸರನ್ನಿಟ್ಟರೆಂದೂ ಅಳಿಯನು ಹೇಳಿದನು. ತಂಪುನಾಡಿನ ದೇವದೂತರು ಎರಡಕ್ಕೆ ತೃಪ್ತರು, ನಮ್ಮ ದೇವತೆಗಳಿಗೆ ಹನ್ನೆರಡು ಬೇಕು. ಶ್ರದ್ಧೆಯ ಪ್ರಮಾಣವನ್ನು ಉಷ್ಣಮಾಪಕವೇ ನಿರ್ಣಯಿಸುವುದಾದರೆ ಅದು ಯಾವ ಶ್ರದ್ಧೆ? ಅದೂ ಅಲ್ಲದೆ ಹಾರಿಹೋದುದರ ಬೆಲೆಯನ್ನು ಉಳಿದುದರ ಬೆಲೆಯ ಮೇಲೆ ಹೇರಿ ವ್ಯಾಪಾರಿ ವಸೂಲು ಮಾಡುತ್ತಾನೆ. ಉಗ್ರಾಣದಿಂದ ಹೊರಬರುವಾಗ ಸುಂಕ ಕಟ್ಟುವ ಪದ್ಧತಿಯಾದುದರಿಂದ, ಅಷ್ಟರೊಳಗೆ ಆವಿಯಾದುದಕ್ಕೆ ಸರ್ಕಾರದ ತೆರಿಗೆಯೂ ತಟ್ಟುವುದಿಲ್ಲ. ದೇವರ ಹೆಸರಿನಲ್ಲಿ ಕಂದಾಯದ ವಿನಾಯಿತಿ ಪಡೆದಿದ್ದ ಹಳೆಯ ಮೈಸೂರಿನ ದೇವಾದಾಯ ಇನಾಮು ಭೂಮಿಗಳ ನೆನಪಾಯಿತು ನನಗೆ.

ಆದರೂ ಇಲ್ಲವೆಂದು ತೀರ್ಪು ಬರೆದು ಎದ್ದುಬಿಡಲು ನನ್ನಿಂದಾಗಲಿಲ್ಲ. ಗಾಳಿಗೆ ಹಾರಿದ ಹಿಟ್ಟಿಗೂ ಇದಕ್ಕೂ ಒಂದು ಭೇದವಿದೆ. ಬೀಸುವವಳು ಹಿಟ್ಟು ಹಾರಲೆಂದು ಬೀಸುವುದಿಲ್ಲ; ಹಾರದಿದ್ದರೂ ಹಿಟ್ಟು ಹಿಟ್ಟೇ. ಭಟ್ಟಿಯವನ ಸ್ಥಿತಿ ಬೇರೆ. ಲೋಹದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಂದು ತೊಟ್ಟೂ ಹೋಗುವುದಿಲ್ಲವೆಂಬುದು ಅವನಿಗೆ ಗೊತ್ತು. ಹಾಗೆ ಇಟ್ಟರೆ ಇಪ್ಪತ್ತು ವರ್ಷವಾದರೂ ಅದು ಇಳಿಸಿದ ದಿನದ ಉರಿಬೆಂಕಿಯಾಗಿಯೇ ಇರುವುದೆಂಬುದೂ ಗೊತ್ತು. ಯಾವ ರಂಧ್ರದಿಂದ ಗಾಳಿ ಒಳಹೊಕ್ಕು ಅದನ್ನು ಹದಗೊಳಿಸುವುದೋ ಅದೇ ರಂಧ್ರದಿಂದ ಅದರ ಅಂಶ ಹೊರಹೋಗುತ್ತದೆ. ಹೋಗುವುದನ್ನು ತಡೆದರೆ ಆಗುವುದೂ ನಿಲ್ಲುತ್ತದೆ. ಇದನ್ನು ತಿಳಿದೂ ತಿಳಿದೂ ಪೀಪಾಯಿಯ ಬಿರಡೆಯನ್ನು ಬಡಿಯುವವನ ಕೈಯಲ್ಲಿ, ಬಾಯಲ್ಲಿ ಮಂತ್ರವಿಲ್ಲದಿದ್ದರೂ, ಮುಂಚಿತವಾದ ಒಂದು ಸಮ್ಮತಿಯಿದೆ. ತ್ಯಾಗಕ್ಕೂ ನಷ್ಟಕ್ಕೂ ನಡುವಣ ಗೆರೆ ವಸ್ತುವಿನಲ್ಲಿಲ್ಲ, ಪ್ರಮಾಣದಲ್ಲಿಲ್ಲ; ಹೆಸರನ್ನು ಹೋಗುವುದಕ್ಕೆ ಮುಂಚೆ ಇಟ್ಟನೋ ಹೋದ ಬಳಿಕ ಇಟ್ಟನೋ ಎಂಬ ಕಾಲಭೇದದಲ್ಲಿದೆಯೆಂದು ನನಗೆ ತೋರುತ್ತದೆ. ಬೆಲೆಯಲ್ಲಿ ಅದನ್ನು ವಸೂಲು ಮಾಡುತ್ತಾನಲ್ಲವೇ ಎಂದರೆ, ಹೌದು. ಸ್ವರ್ಗಕಾಮನಾದ ಯಜಮಾನನೂ ಅದನ್ನೇ ಮಾಡುತ್ತಿದ್ದನು, ಆದರೂ ಮೀಮಾಂಸಕರು ಅವನ ಯಾಗವನ್ನು ಯಾಗವಲ್ಲವೆನ್ನಲಿಲ್ಲ.

ಉಗ್ರಾಣದಿಂದ ಹೊರಗೆ ಬಂದಾಗ ಕಂಡ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಗೋಡೆಯ ಕಲ್ಲುಗಳೂ ಸಮೀಪದ ಮರಗಳ ಕಾಂಡಗಳೂ ಕಾಡಿಗೆ ಬಳಿದಂತೆ ಕಪ್ಪಾಗಿದ್ದುವು. ಹೊಗೆಯಲ್ಲ, ಅದೊಂದು ಜಾತಿಯ ಬೂಷ್ಟು. ಮದ್ಯದ ಆವಿಯನ್ನುಂಡು ಬೆಳೆಯುವಂಥದು. ಫ್ರಾನ್ಸಿನ ಕೊನ್ಯಾಕ್ ಸೀಮೆಯಲ್ಲಿ 1872ರಲ್ಲಿ ಬೋದ್ವಾನ್ ಎಂಬ ಔಷಧ ವ್ಯಾಪಾರಿ ಮೊದಲು ಇದನ್ನು ಗಮನಿಸಿ ಬರೆದನು. 2007ರಲ್ಲಿ ಶಾಸ್ತ್ರಜ್ಞರು ಅವನ ಹೆಸರನ್ನೇ ಸೇರಿಸಿ ಬೋದ್ವಾನಿಯ ಎಂದು ಇದಕ್ಕೆ ನಾಮಕರಣ ಮಾಡಿದರು. ಅಂತೂ ದೇವದೂತರ ಪಾಲನ್ನು ಪ್ರತ್ಯಕ್ಷವಾಗಿ ಉಣ್ಣುತ್ತಿರುವುದು ಗೋಡೆಯ ಬೂಷ್ಟು! ಅಳಿಯನು ಇದನ್ನು ಹೇಳಿ ನಕ್ಕನು, ನನ್ನ ತರ್ಕವೆಲ್ಲ ಕುಸಿಯಿತೆಂದು. ನನಗೆ ಹಾಗೆನ್ನಿಸಲಿಲ್ಲ. ಗೃಹಸ್ಥನ ಐದು ಮಹಾಯಜ್ಞಗಳಲ್ಲಿ ದೇವಯಜ್ಞದ ಪಕ್ಕದಲ್ಲಿಯೇ ಭೂತಯಜ್ಞವನ್ನು ಇಟ್ಟವರು, ನಾಯಿಗೆ, ಕಾಗೆಗೆ, ಕ್ರಿಮಿಕೀಟಗಳಿಗೆ ಅನ್ನವನ್ನು ನೆಲದ ಮೇಲಿಡಬೇಕೆಂದು ವಿಧಿಸಿದವರು, ಬೂಷ್ಟನ್ನು ಪಂಕ್ತಿಯಿಂದ ಎಬ್ಬಿಸುತ್ತಿದ್ದರೆಂದು ನಾನು ನಂಬಲಾರೆನು.

ರುಚಿ ನೋಡುವ ಕೋಣೆಯ ವಿಷಯ ಹೇಳುವಂಥದು ಹೆಚ್ಚೇನಿಲ್ಲ. ಕಾರು ನಡೆಸಬೇಕಾಗಿದ್ದ ಅಳಿಯನು ಗ್ಲಾಸನ್ನು ಮೂಸಿ ಇಟ್ಟನು. ಮಗಳು ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿದಳು. ನಾನು ನನ್ನ ಪಾಲಿನದನ್ನು ಮುಟ್ಟಲಿಲ್ಲ. ತತ್ತ್ವದಿಂದಲ್ಲ, ಅಭ್ಯಾಸದಿಂದ.

ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಹುರಿದ ಮೆಣಸಿನಕಾಯಿ. ಬಡಿಸುವ ಮುನ್ನ ಮಡದಿ ತನ್ನ ನಿತ್ಯದ ಪದ್ಧತಿಯಂತೆ ಒಂದು ತುತ್ತು ಮೊಸರನ್ನವನ್ನು ತೆಗೆದು, ಆ ಕಪ್ಪು ಮರದ ಬುಡದ ಕಲ್ಲಿನ ಮೇಲಿಟ್ಟು ಕೈ ತೊಳೆದುಕೊಂಡಳು. "ಇಲ್ಲಿ ಕಾಗೆ ಬರತ್ತಾ ಅಜ್ಜಿ?" ಎಂದು ಮೊಮ್ಮಗ ಕೇಳಿದನು. ನಾವು ಉಂಡು, ಡಬ್ಬಿಗಳನ್ನು ಮುಚ್ಚಿ, ಕಾರಿನ ಬಳಿಗೆ ನಡೆಯುವವರೆಗೂ ಯಾವ ಹಕ್ಕಿಯೂ ಬರಲಿಲ್ಲ. ಹುಡುಗ ಮತ್ತೆ ಮತ್ತೆ ತಿರುಗುತ್ತಿದ್ದನು. "ಇಟ್ಟ ಮೇಲೆ ತಿರುಗಿ ನೋಡಬಾರದು ಕಂದ" ಎಂದು ಅವಳು ಅವನ ಕೈಹಿಡಿದು ಕಾರಿನೊಳಗೆ ಕೂರಿಸಿದಳು.